ತಲೆಸುತ್ತಿಗೆ ಡಾಕ್ಟರ ಹತ್ತಿರ ಹೋಗುವ ಮುಂಚೆ

ಕೇಳುಗರೆ, ನಮಸ್ಕಾರ.

ಒಂದು ಬೆಳಗಿನ ಜಾವ ನಮ್ಮಮ್ಮ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಳು. ಮನೆಯೆಲ್ಲ ಗಿರ್ರನೆ ತಿರುಗಿತಂತೆ. ಮಂಚದ ಅಂಚು ಹಿಡಿದುಕೊಂಡು ನನ್ನನ್ನು ಕೂಗಿದಳು. ಪಿತ್ತ ಇರಬೇಕು ಅಂತ ನಿಂಬೆಹಣ್ಣಿನ ಪಾನಕ ಕೊಟ್ಟು ಸುಮ್ಮನಾದೆವು. ಮಾರನೆಯ ದಿನವೂ ಹಾಗೇ ಆಯಿತು. ಹತ್ತಿರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ತಲೆಸುತ್ತಿನ ಕ್ಲಿನಿಕ್‌ಗೆ ಹೋಗಿ ಅಂದರು.

ಅಲ್ಲಿ ‘ತಲೆ ಸುತ್ತುತ್ತೆ’ ಅಂದರಷ್ಟೇ ಸಾಲದು. ನಮ್ಮ ಮಾತಿನಲ್ಲಿ ಇದಕ್ಕೆ ಎಷ್ಟೊಂದು ಹೆಸರಿದೆ ನೋಡಿ. ಗೋಡೆ, ಸೂರು ತಿರುಗಿದ ಹಾಗಾಗುವುದು ಬೇರೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬೇರೆ. ನಡೆಯುವಾಗ ಜೋಲಿ ಹೊಡೆಯುವುದು ಬೇರೆ. ಬವಳಿ ಬಂದು ಬೀಳುವುದೇ ಬೇರೆ. ಮನೆ ತಿರುಗಿದರೆ ಒಳಕಿವಿಯ ತೊಂದರೆ ಇರಬಹುದು. ಎದ್ದಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿದಿರಬಹುದು. ನಿಮಗೆ ಆಗುವುದನ್ನು ನಿಮ್ಮ ಮಾತಿನಲ್ಲೇ ಹೇಳಿ. ಇಂಗ್ಲಿಷ್ ಪದ ಹುಡುಕಬೇಡಿ.

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ. ಏನು ಮಾಡುತ್ತಿದ್ದಾಗ ಬಂತು? ಒಂದು ನಿಮಿಷದೊಳಗೆ ನಿಂತಿತೋ, ಗಂಟೆಗಟ್ಟಲೆ ಇತ್ತೋ? ಕಿವಿ ಮಂದವಾಯಿತೋ, ಗುಂಯ್‌ಗುಟ್ಟಿತೋ? ಬಿದ್ದಿದ್ದರೆ ಅದನ್ನೂ ಬರೆಯಿರಿ. ವಯಸ್ಸಾದವರು ಬಿದ್ದದ್ದನ್ನು ಮಕ್ಕಳಿಗೂ ಹೇಳುವುದಿಲ್ಲ, ಅಲ್ವಾ?

ನಾವು ಎಡವಿದ್ದು ಮಾತ್ರೆಯಲ್ಲಿ. ತಲೆಸುತ್ತಿನ ಮಾತ್ರೆ ನುಂಗಿಸಿಯೇ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಂಥ ಕೆಲವು ಮಾತ್ರೆಗಳಿಂದ ಪರೀಕ್ಷೆಯ ಫಲ ಮಸುಕಾಗುತ್ತದೆ, ಎರಡು ದಿನ ಮುಂಚೆ ನಿಲ್ಲಿಸಬೇಕಿತ್ತು ಅಂದರು. ನಮಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪರೀಕ್ಷೆ ಆಗದೆ, ಸುಸ್ತಾಗಿದ್ದ ಅಮ್ಮನನ್ನು ಕರೆದುಕೊಂಡು ವಾಪಸ್ ಬಂದೆ. ನೀವು ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಆದರೆ ಬಿಪಿ, ಸಕ್ಕರೆ, ಹೃದಯ, ಫಿಟ್ಸ್‌ನ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಲೇಬೇಡಿ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಕಣ್ಣಿಗೆ ಕಾಡಿಗೆ ಬೇಡ. ಕ್ಯಾಮೆರಾ ಇರುವ ಕನ್ನಡಕ ಹಾಕಿ ಕಣ್ಣುಗುಡ್ಡೆಯ ಓಡಾಟ ನೋಡುತ್ತಾರೆ, ಕಾಡಿಗೆ ಅದಕ್ಕೆ ಅಡ್ಡಿ. ಹೊಟ್ಟೆ ತುಂಬ ತಿನ್ನಬೇಡಿ, ಎರಡು ಇಡ್ಲಿ ಸಾಕು. ಜೊತೆಗೆ ಒಬ್ಬರಿರಲಿ, ಗಾಡಿ ನೀವು ಓಡಿಸಬೇಡಿ. ಕೆಲವರಿಗೆ ಕಿವಿಗೆ 30 ಡಿಗ್ರಿಯ ನೀರು, ಆಮೇಲೆ 44 ಡಿಗ್ರಿಯ ನೀರು ಬಿಡುತ್ತಾರೆ. ಆಗ ತಲೆ ಸುತ್ತುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೆದರಬೇಡಿ. ಈ ಪರೀಕ್ಷೆಯ ಹಿಂದೆ ವಿಯೆನ್ನಾದ ಡಾಕ್ಟರ್ ರಾಬರ್ಟ್ ಬಾರಾನಿ ಇದ್ದಾರೆ. ಕಿವಿ ತೊಳೆಸಿಕೊಂಡ ರೋಗಿಗಳು ತಲೆ ಸುತ್ತುತ್ತದೆ ಅಂದಾಗ ಅವರು ಕಿವಿಗೊಟ್ಟು ಕೇಳಿದರು. ಅದರ ಜಾಡು ಹಿಡಿದು ಮಾಡಿದ ಕೆಲಸಕ್ಕೆ 1914ರ ನೊಬೆಲ್ ಬಂತು.

ಒಂದು ಮಾತು ಮರೆಯಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಬರದ ತಲೆನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಎರಡನೆಯ ಸಲ ಹೋದಾಗ ಅಮ್ಮನೇ ಹೇಳಿದಳು: ‘ಬಲಕ್ಕೆ ಹೊರಳಿದರೆ ಮಾತ್ರ ಬರುತ್ತೆ, ಇಪ್ಪತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತೆ.’ ಡಾಕ್ಟರು ಅವಳ ತಲೆಯನ್ನು ಬಲಕ್ಕೆ ತಿರುಗಿಸಿ ಮಲಗಿಸಿದರು. ಕಣ್ಣುಗುಡ್ಡೆ ಪಟಪಟ ಅಲುಗಿತು. ಒಳಕಿವಿಯ ಸುಣ್ಣದ ಹರಳು ಜಾಗ ಬಿಟ್ಟು ಜಾರಿತ್ತು. ತಲೆಯನ್ನು ಮೆಲ್ಲಗೆ ಒಂದೊಂದೇ ಕಡೆ ತಿರುಗಿಸಿ ಅದನ್ನು ವಾಪಸ್ ಕಳಿಸಿದರು. ಆ ರಾತ್ರಿ ಅಮ್ಮ ಬಲಮಗ್ಗುಲಿಗೆ ಮಲಗಿ ನಿದ್ದೆ ಮಾಡಿದಳು.

ನಮಸ್ಕಾರ.