ಹಾಳೆ ತಟ್ಟೆಗೆ ಕಾಗದವೂ ಬೇಕು

ಕೇಳುಗರಿಗೆ ನಮಸ್ಕಾರ.

ಇವತ್ತು ಅಡಿಕೆ ಹಾಳೆ ತಟ್ಟೆಯ ಬಗ್ಗೆ ಮಾತಾಡೋಣ. ಪುತ್ತೂರು, ಸುಳ್ಯ, ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟದಲ್ಲಿ ಉದುರಿದ ಹಾಳೆಯನ್ನು, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗವನ್ನು ತಂದು, ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ರೆಡಿ. ಅಂಟು ಬೇಡ, ಬಣ್ಣವೂ ಬೇಡ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಲ್ಲಿ ನಿಷೇಧ ಬಂತಲ್ಲ, ಆಗ ಹಾಳೆ ತಟ್ಟೆಗೆ ಒಳ್ಳೆ ಕಾಲ ಬಂತು ಅಂತ ಎಷ್ಟೋ ಜನ ಅಂದುಕೊಂಡರು.

ಮೆಷಿನ್‌ಗೆ ಸಬ್ಸಿಡಿ ಇದೆ ಅನ್ನೋದು ಗೊತ್ತಿರುವ ಸಂಗತಿ. ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ. 35. ಸರಿ, ಮೆಷಿನ್ ಬಂತು. ಮಾಲು ಯಾರಿಗೆ ಮಾರೋದು? ಊರಿನ ಮದುವೆಗೆ ಕೊಟ್ಟರೆ ಯಾರೂ ಏನೂ ಕೇಳಲ್ಲ. ದೊಡ್ಡ ಹೋಟೆಲಿನವರೋ ರಫ್ತುದಾರರೋ ಆದರೆ ಮೊದಲ ಮಾತೇ, ಟೆಸ್ಟ್ ರಿಪೋರ್ಟ್ ಕೊಡಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮಳೆಗಾಲದಲ್ಲಿ ಸರಿಯಾಗಿ ಒಣಗದ ತಟ್ಟೆಗೆ ಬೂಸ್ಟು ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ತಾಮ್ರ ಇರುವ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆದ ತೋಟದ ಹಾಳೆಯಾದರೆ, ತಾಮ್ರ ಎಷ್ಟು ಉಳಿದಿದೆ ಅಂತ ಕೇಳಿದಾಗ ಉತ್ತರ ಬೇಕಲ್ವಾ? 'ನಮ್ಮದು ಶುದ್ಧ ನೈಸರ್ಗಿಕ' ಅಂತ ಸುಮ್ನೆ ಹೇಳಿದರೆ ನಡೆಯಲ್ಲ.

ಈ ಕಾಗದಕ್ಕೂ ಸರ್ಕಾರದ ದುಡ್ಡಿದೆ. ಅದನ್ನು ಕೇಳುವವರು ಕಡಿಮೆ. 2022ರಲ್ಲಿ ಹೊಸ ರೂಪದಲ್ಲಿ ಬಂದ, ಸಣ್ಣ ಘಟಕಗಳ ಕೆಲಸದ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವ ಕೇಂದ್ರದ ಝೆಡ್ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಮಟ್ಟ. ಕಂಚಿಗೆ 10,000 ರೂಪಾಯಿ ಶುಲ್ಕ, ಅದರಲ್ಲಿ ಅತಿ ಸಣ್ಣ ಘಟಕಕ್ಕೆ ಶೇ. 80 ಸಬ್ಸಿಡಿ. ನೀವು ಕಟ್ಟೋದು 2,000. ಅದು ಘಟಕದ ಕೆಲಸದ ರೀತಿಗೆ ಸಿಗುವ ಸರ್ಟಿಫಿಕೇಟ್, ತಟ್ಟೆಗಲ್ಲ. ಆದರೆ ಅದೇ ಯೋಜನೆಯಲ್ಲಿ, ಮಾಲಿನ ಪರೀಕ್ಷೆ ಮತ್ತು ಸರ್ಟಿಫಿಕೇಟಿನ ಖರ್ಚಿಗೂ ಶೇ. 75ರವರೆಗೆ, ಗರಿಷ್ಠ 50,000 ರೂಪಾಯಿ ನೆರವು ಇಟ್ಟಿದ್ದಾರೆ. ನನ್ನ ಪ್ರಕಾರ ಹಾಳೆ ತಟ್ಟೆಯವರಿಗೆ ನಿಜವಾಗಿ ಬೇಕಾದ್ದು ಇದು. ಮೇಳದಲ್ಲಿ ಮಳಿಗೆ ಹಾಕುವವರಿಗೆ ಬಾಡಿಗೆಯಲ್ಲಿ ಪಾಲು ಕೊಡುವ ಯೋಜನೆಯೂ ಕೇಂದ್ರದ ಎಂಎಸ್‌ಎಂಇ, ಅಂದರೆ ಸಣ್ಣ-ಮಧ್ಯಮ ಉದ್ಯಮಗಳ ಸಚಿವಾಲಯದಲ್ಲಿದೆ.

ಒಂದು ತಕರಾರು ಹೇಳಲೇಬೇಕು. ಇಂಥ ನೆರವು ಎಷ್ಟೋ ಸಲ ಮರುಪಾವತಿ ರೂಪದಲ್ಲೇ ಬರುತ್ತದೆ, ಅಂದರೆ ಮೊದಲು ಕೈಯಿಂದ ಕಟ್ಟಬೇಕು, ಬಿಲ್ಲು ಸೇರಿಸಬೇಕು, ಆಮೇಲೆ ಕಾಯಬೇಕು, ದಿನಕ್ಕೆ ನಾಲ್ಕು ಕಟ್ಟು ತಟ್ಟೆ ಒತ್ತುವ ಮನೆಯವರ ಹತ್ತಿರ ಕಾಯುವಷ್ಟು ದುಡ್ಡು ಎಲ್ಲಿರುತ್ತದೆ? ಯೋಜನೆ ಮಾಡುವವರು ಇದನ್ನು ಯೋಚಿಸಿದಂತೆ ಕಾಣಲ್ಲ.

ಇನ್ನೊಂದು ಏಟು 2025ರ ಮೇ ತಿಂಗಳಲ್ಲಿ ಬಿತ್ತು. ಹಾಳೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ತಟ್ಟೆ ಬೇಡ ಎಂದಿತು. ಕಂಚೋ ಬೆಳ್ಳಿಯೋ ಇದಕ್ಕೆ ಉತ್ತರವಾಗಲ್ಲ, ಅದು ನಿಜ. ಆದರೆ ಬಿಸಿ ಸಾರು, ಎಣ್ಣೆ, ಹುಳಿ ಹಾಕಿದಾಗ ತಟ್ಟೆಯಿಂದ ಏನು ಎಷ್ಟು ಇಳಿಯುತ್ತದೆ ಅನ್ನೋದು ಲ್ಯಾಬಿನಲ್ಲಿ ಅಳೆಯುವ ಲೆಕ್ಕ. ಒಬ್ಬೊಬ್ಬರೇ ಮಾಡಿಸಲು ಆಗದಿದ್ದರೆ, ಸಂಘದವರು ಸೇರಿ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಇದು.

ಅರ್ಜಿ ಹಾಕುವವರು ಮೊದಲು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಆಮೇಲೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಈಗ ಯಾವ ಯೋಜನೆ ತೆರೆದಿದೆ ಅಂತ ವಿಚಾರಿಸಿ, ಷರತ್ತುಗಳು ಬದಲಾಗುತ್ತಿರುತ್ತವೆ. ಲ್ಯಾಬಿನ ಬಿಲ್ಲನ್ನು ಘಟಕದ ಹೆಸರಲ್ಲೇ ಬರೆಸಿಕೊಳ್ಳಿ, ಮನೆಯವರ ಹೆಸರಲ್ಲಿ ಬೇಡ. ನಮಸ್ಕಾರ.