ಕೋಡ್ ಬರೆಯೋದು ಯಾರ ಕೆಲಸ? ಡೈರಿಯಿಂದ ಸಿಎನ್‌ಸಿವರೆಗೆ ಎಐ ಲೆಕ್ಕ

[ಪರದೆ: ಎರಡು ಎಕ್ಸೆಲ್ ಹಾಳೆ ಅಕ್ಕಪಕ್ಕ. ಎರಡರಲ್ಲೂ ಸಿಎಲ್‌ಆರ್ (ತಾಪಮಾನಕ್ಕೆ ಸರಿಪಡಿಸಿದ ಲ್ಯಾಕ್ಟೋಮೀಟರ್ ಅಳತೆ) 29, ಫ್ಯಾಟ್ 4.0]

ಹಾಲು ಒಂದೇ. ಎಡಗಡೆ ಹಾಳೆ ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) 8.41 ಅಂತಿದೆ, ಬಲಗಡೆದು 8.69 ಅಂತಿದೆ. ಎರಡು ಸೂತ್ರನೂ ಎಐ ಬರೆದುಕೊಟ್ಟಿದ್ದೇ. ಎಲ್ಲೂ ಎರರ್ ಇಲ್ಲ, ಕೂಡಿದ್ದು ಗುಣಿಸಿದ್ದು ಎಲ್ಲ ಸರಿ. ಹಾಲಿನ ಸಂಘದ ರೇಟ್ ಚಾರ್ಟ್‌ನಲ್ಲಿ 8.5ಕ್ಕೆ ಗೆರೆ ಎಳೆದಿದ್ದರೆ ಅದೇ ಕ್ಯಾನಿನ ಹಾಲು ಒಂದು ಹಾಳೆಯಲ್ಲಿ ಪಾಸು, ಇನ್ನೊಂದರಲ್ಲಿ ರೇಟ್ ಕಟ್.

ಕಾರಣ ಇಷ್ಟೇ: ಚಾಲ್ತಿಯಲ್ಲಿರೋ ಸೂತ್ರ ಒಂದೇ ಅಲ್ಲ. ಒಂದರಲ್ಲಿ ಸಿಎಲ್‌ಆರ್‌ನ 4ರಿಂದ ಭಾಗಿಸಿ, ಫ್ಯಾಟ್‌ನ 0.2ರಿಂದ ಗುಣಿಸಿ ಸೇರಿಸಿ, ಮೇಲೆ 0.36 ಕೂಡಿಸ್ತಾರೆ. ಇನ್ನೊಂದರಲ್ಲಿ ಫ್ಯಾಟ್‌ಗೆ 0.25, ಮೇಲೆ 0.44. ಯಾವುದು ಬೇಕು ಅಂತ ನೀವು ಹೇಳದಿದ್ದರೆ ಎಐ ತನಗೆ ತೋಚಿದ್ದನ್ನ ಹಾಕುತ್ತೆ, ಎಷ್ಟೋ ಸಲ ಹಾಕಿದೀನಿ ಅಂತ ಹೇಳೋದೂ ಇಲ್ಲ.

ಈಗ ಪ್ರಶ್ನೆ. ಆ ಹಾಳೆ ಮಾಡಿದ ಸಂಘದ ಸೆಕ್ರೆಟರಿ ಪ್ರೋಗ್ರಾಮರ್ರಾ? ಹುದ್ದೆ ಪಟ್ಟಿಯಲ್ಲಿ ಅಲ್ಲ. ಮಾಡಿದ ಕೆಲಸ ಮಾತ್ರ ಪ್ರೋಗ್ರಾಮಿಂಗೇ.

[ಪರದೆ: ಹಾಸನ ಜಿಲ್ಲೆಯ ನಕ್ಷೆ. ಡೈರಿ, ಮಷಿನ್ ಶಾಪ್, ಸಕಲೇಶಪುರದ ತೋಟ, ಆಡಿಟರ್ ಆಫೀಸ್]

ಅಮೆರಿಕದ ಕಾರ್ಮಿಕ ಇಲಾಖೆ ಓ-ನೆಟ್ ಅಂತ ಒಂದು ದೊಡ್ಡ ಪಟ್ಟಿ ಇಟ್ಟಿದೆ. ಅದರಲ್ಲಿ 35 ಕೌಶಲಗಳಿವೆ, ಪ್ರೋಗ್ರಾಮಿಂಗ್ ಅದರಲ್ಲೊಂದು. ಪ್ರತಿ ಉದ್ಯೋಗಕ್ಕೂ ಆ ಕೌಶಲ ಎಷ್ಟು ಮುಖ್ಯ ಅಂತ 1ರಿಂದ 5ರೊಳಗೆ ಅಂಕ. ಅಂದ್ರೆ ಪ್ರೋಗ್ರಾಮಿಂಗ್ ಅನ್ನೋದು ಇದೆ-ಇಲ್ಲ ಅನ್ನೋ ಮಾತಲ್ಲ. ಸರ್ವೇಯರ್‌ಗೆ ಸ್ವಲ್ಪ, ಲ್ಯಾಬ್ ಟೆಕ್ನಿಷಿಯನ್‌ಗೆ ಸ್ವಲ್ಪ, ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯೋ ಮಷಿನ್) ಪ್ರೋಗ್ರಾಮರ್‌ಗೆ ಜಾಸ್ತಿ. ನಮ್ಮ ದೇಶದಲ್ಲೂ 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣ ಅಂತ ಒಂದಿದೆ.

2023ರಲ್ಲಿ ಓಪನ್‌ಎಐ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಓ-ನೆಟ್ ಇಟ್ಟುಕೊಂಡು ಎಐ ಬಿಸಿ ಯಾರಿಗೆ ಎಷ್ಟು ತಟ್ಟುತ್ತೆ ಅಂತ ಅಳೆದರು. ಅವರ ಅಳತೆಗೋಲು ಗಮನಿಸಿ: ಒಂದು ಕೆಲಸದ ಗುಣಮಟ್ಟ ಕೆಡದ ಹಾಗೆ ಅದಕ್ಕೆ ಹಿಡಿಯೋ ಸಮಯ ಅರ್ಧಕ್ಕೆ ಅಥವಾ ಅದಕ್ಕಿಂತ ಕಮ್ಮಿಗೆ ಇಳಿದರೆ, ಆ ಕೆಲಸಕ್ಕೆ ಬಿಸಿ ತಟ್ಟಿದೆ ಅಂತ ಲೆಕ್ಕ. ಕೆಲಸ ಹೋಗುತ್ತೆ ಅಂತ ಅವರು ಹೇಳಲಿಲ್ಲ; ವಾಟ್ಸಾಪ್‌ಗೆ ಬರೋ ಹೊತ್ತಿಗೆ ಅದು ಹಾಗಾಗಿತ್ತು, ಬಿಡಿ. ಪ್ರೋಗ್ರಾಮಿಂಗ್ ಮತ್ತು ಬರವಣಿಗೆ ಹೆಚ್ಚು ಬೇಕಾದ ಉದ್ಯೋಗಗಳಿಗೆ ಬಿಸಿ ಹೆಚ್ಚು, ವಿಜ್ಞಾನ ಮತ್ತು ವಿಮರ್ಶೆಯ ಯೋಚನೆ ಹೆಚ್ಚು ಬೇಕಾದವಕ್ಕೆ ಕಮ್ಮಿ ಅಂತ ಅವರಿಗೆ ಕಂಡಿತು.

ಬಳಕೆ ಕಡೆಯಿಂದ ನೋಡಿದರೆ, ಆಂಥ್ರೋಪಿಕ್ ಕಂಪನಿ 2025ರ ಫೆಬ್ರವರಿಯಲ್ಲಿ ತನ್ನ ಕ್ಲಾಡ್‌ನ ಮಾತುಕತೆಗಳನ್ನ ವಿಂಗಡಿಸಿತು. ಶೇ. 37ರಷ್ಟು ಕಂಪ್ಯೂಟರ್ ಮತ್ತು ಗಣಿತದ ಕೆಲಸ. ತಮ್ಮ ಕೆಲಸಗಳ ಮುಕ್ಕಾಲು ಭಾಗಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಎಐ ಬಳಕೆ ಕಂಡ ಉದ್ಯೋಗಗಳು ಮಾತ್ರ ಶೇ. 4ರ ಆಸುಪಾಸು. ಹಾಗಾಗಿ ಹುದ್ದೆಯ ಹೆಸರು ನೋಡಿ ಹೆದರೋದೂ ಬೇಡ, ಧೈರ್ಯ ತಗೊಳ್ಳೋದೂ ಬೇಡ. ನಿಮ್ಮ ಕೆಲಸದಲ್ಲಿ ಕೋಡ್ ಎಷ್ಟು, ಅದು ತಪ್ಪಿದರೆ ಹಿಡಿಯೋರು ಯಾರು, ಇದನ್ನ ನೋಡಿ.

[ಪರದೆ: ವಿಎಂಸಿ, ಅಂದ್ರೆ ಸ್ಪಿಂಡಲ್ ನೆಟ್ಟಗಿರೋ ಸಿಎನ್‌ಸಿ ಮಷಿನ್; ಟೂಲ್ ಹಿಡಿದು ತಿರುಗಿಸೋ ಸ್ಪಿಂಡಲ್ ಹತ್ತಿರದಿಂದ]

ಇಂಡಸ್ಟ್ರಿಯಲ್ ಏರಿಯಾದ ಯಾವುದಾದರೂ ಮಷಿನ್ ಶಾಪ್‌ಗೆ ಹೋಗಿ. ನಾಲ್ಕು ತೂತು, ಸುತ್ತ ಒಂದು ಪ್ರೊಫೈಲ್, ಇಷ್ಟಕ್ಕೆ ಜಿ-ಕೋಡ್ (ಮಷಿನ್‌ಗೆ ಹೇಗೆ ಚಲಿಸಬೇಕು ಅಂತ ಹೇಳೋ ಸಾಲುಗಳು) ಬರೆದುಕೊಡು ಅಂದ್ರೆ ಎಐ ನಿಮಿಷದಲ್ಲಿ ಕೊಡುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ. ಎಡವೋದು ಎಲ್ಲಿ ಅಂದ್ರೆ ಜಿ43ರಲ್ಲಿ, ಅಂದ್ರೆ ಟೂಲ್ ಉದ್ದದ ಆಫ್‌ಸೆಟ್ ಕರೆಯೋ ಸಾಲಲ್ಲಿ.

ಜಿ54ರ ಝಡ್‌ನ, ಅಂದ್ರೆ ಜಾಬ್ (ಕೊರೆಯೋ ಲೋಹದ ತುಂಡು) ಮೇಲಿನ ಎತ್ತರದ ಸೊನ್ನೆಯನ್ನ, ಸ್ಪಿಂಡಲ್ ಮೂತಿಯಿಂದ ಸೆಟ್ ಮಾಡಿದೀರಿ ಅಂದ್ಕೊಳ್ಳಿ, ಟೂಲ್ ಉದ್ದ 120 ಮಿಲಿಮೀಟರ್. ಜಿ43 ಇಲ್ಲದೆ ‘ಝಡ್ 5ಕ್ಕೆ ಇಳಿ’ ಅಂದ್ರೆ ಮಷಿನ್ ಟೂಲ್ ತುದಿಯನ್ನಲ್ಲ, ಸ್ಪಿಂಡಲ್ ಮೂತಿಯನ್ನೇ ಜಾಬ್‌ನಿಂದ 5 ಮಿಲಿಮೀಟರ್ ಮೇಲಕ್ಕೆ ತರೋಕೆ ಹೊರಡುತ್ತೆ. ಟೂಲ್ ತುದಿ ಆಗ 115 ಮಿಲಿಮೀಟರ್ ಕೆಳಗಿರಬೇಕು. ಜಾಬ್ ಒಳಗೆ, ಅದನ್ನ ಹಿಡಿದಿರೋ ವೈಸ್ ಒಳಗೆ. ಅದೂ ಜಿ00, ಅಂದ್ರೆ ಮಷಿನ್‌ನ ಅತಿ ವೇಗದ ಸ್ಪೀಡಲ್ಲಿ.

ಇದನ್ನ ಹಿಡಿಯೋ ದಾರಿ ಹಳೇದೇ. ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸೋ ಸ್ವಿಚ್) ಆನ್ ಮಾಡಿ, ರ‍್ಯಾಪಿಡ್ ಓವರ್‌ರೈಡ್ (ಜಿ00 ವೇಗ ತಗ್ಗಿಸೋದು) ತೀರಾ ಕೆಳಗಿಡಿ. ಮೊದಲ ಝಡ್ ಚಲನೆಯಲ್ಲಿ ಟೂಲ್ ತುದಿ ಜಾಬ್‌ನಿಂದ 100 ಮಿಲಿಮೀಟರ್ ಮೇಲಿರುವಾಗಲೇ ಫೀಡ್ ಹೋಲ್ಡ್ (ಚಲನೆ ನಿಲ್ಲಿಸೋ ಗುಂಡಿ) ಒತ್ತಿ. ಈಗ ಪರದೆಯಲ್ಲಿ ‘ಡಿಸ್ಟೆನ್ಸ್ ಟು ಗೋ’, ಅಂದ್ರೆ ಇನ್ನೂ ಹೋಗಬೇಕಾದ ದೂರ, ನೋಡಿ. 95 ಅಂತಿದ್ದರೆ ಸರಿ. 215 ಅಂತಿದ್ದರೆ ರೀಸೆಟ್ ಒತ್ತಿ. ಆ ಹೆಚ್ಚುವರಿ 120 ನಿಮ್ಮ ಟೂಲ್‌ನ ಉದ್ದ.

ಇನ್ನೊಂದು ಸಣ್ಣದು, ಆದರೆ ಜಾಬ್ ಕೆಡಿಸುತ್ತೆ. ಎಷ್ಟೋ ಫ್ಯಾನಕ್ ಕಂಪನಿಯ ಕಂಟ್ರೋಲ್‌ಗಳಲ್ಲಿ ಪ್ಯಾರಾಮೀಟರ್ (ಮಷಿನ್ ಸೆಟ್ಟಿಂಗ್) ಹೇಗಿದೆ ಅನ್ನೋದರ ಮೇಲೆ, ದಶಮಾಂಶದ ಚುಕ್ಕಿ ಇಲ್ಲದ ಎಕ್ಸ್10 ಅಂದ್ರೆ 10 ಮಿಲಿಮೀಟರ್ ಅಲ್ಲ, 10 ಮೈಕ್ರಾನ್. ಎಐಗೆ ನಿಮ್ಮ ಮಷಿನ್‌ನ ಪ್ಯಾರಾಮೀಟರ್ ಗೊತ್ತಿಲ್ಲ. ‘ಎಲ್ಲ ಅಳತೆಗೂ ಚುಕ್ಕಿ ಹಾಕು’ ಅಂತ ಮೊದಲೇ ಹೇಳಿ.

ಇಲ್ಲಿ ಎಐ ಕಸಿದಿದ್ದು ಟೈಪ್ ಮಾಡೋ ಅರ್ಧ ಗಂಟೆ. ಫೀಡ್ ಹೋಲ್ಡ್ ಮೇಲಿನ ಬೆರಳನ್ನಲ್ಲ.

[ಪರದೆ: ತೋಟದ ಮಳೆ ಪುಸ್ತಕದ ಒಂದು ಪುಟ]

ಸಕಲೇಶಪುರ ಕಡೆ ತೋಟಗಳಲ್ಲಿ ಮಳೆ ಅಳೆಯೋದು ಇಂಚು, ಸೆಂಟ್‌ನಲ್ಲಿ. 100 ಸೆಂಟ್‌ಗೆ ಒಂದು ಇಂಚು. ಹಳೇ ಪುಸ್ತಕದ ಫೋಟೋ ತೆಗೆದು, ಟೇಬಲ್ ಮಾಡಿ ಮಿಲಿಮೀಟರ್‌ಗೆ ಬದಲಾಯಿಸೋ ಕೋಡ್ ಕೊಡು ಅಂದ್ರೆ ಎಐ ಕೊಡುತ್ತೆ. ತೋಟದ ಲೆಕ್ಕ ಬರೆಯೋ ರೈಟರ್ ಎರಡು ದಿನ ಕೂತು ಮಾಡ್ತಿದ್ದ ಕೆಲಸ ಅದು.

ಆದರೆ ಪುಸ್ತಕದಲ್ಲಿ 2.5 ಅಂತ ಬರೆದಿದ್ದರೆ ಅದು ಎರಡು ಇಂಚು ಐವತ್ತು ಸೆಂಟಾ, ಎರಡು ಇಂಚು ಐದು ಸೆಂಟಾ? ಮೊದಲನೇದು 63.5 ಮಿಲಿಮೀಟರ್, ಎರಡನೇದು 52.07. ಒಂದೇ ದಿನಕ್ಕೆ 11 ಮಿಲಿಮೀಟರ್ ಮೇಲೆ ವ್ಯತ್ಯಾಸ. ಬರೆದವರ ಕೈ ಪರಿಚಯ ಇದ್ದೋರಿಗೆ ಗೊತ್ತಾಗುತ್ತೆ, ಎಐಗೆ ಗೊತ್ತಾಗಲ್ಲ. ಖಾಲಿ ಬಿಟ್ಟ ಮನೆ ಇನ್ನೊಂದು ತಲೆನೋವು: ಮಳೆ ಬಂದಿಲ್ಲವೋ, ಅಳೆಯೋರು ರಜೆಯಲ್ಲಿದ್ದರೋ? ಕೋಡ್ ಎರಡನ್ನೂ ಸೊನ್ನೆ ಅಂತ ತಗೊಂಡುಬಿಡಬಹುದು.

ಇಂಚಿಗೊಂದು ಕಾಲಂ, ಸೆಂಟ್‌ಗೊಂದು ಕಾಲಂ ಇಡಿ. ಸೆಂಟ್‌ನ 100ರಿಂದ ಭಾಗಿಸಿ ಇಂಚಿಗೆ ಸೇರಿಸಿ, ಬಂದಿದ್ದನ್ನ 25.4ರಿಂದ ಗುಣಿಸಿ. ಆಮೇಲೆ ತಿಂಗಳ ಕೊನೆಗೆ ಪುಸ್ತಕದಲ್ಲಿ ಕೈಯಲ್ಲಿ ಕೂಡಿಸಿ ಬರೆದಿರೋ ಮೊತ್ತದ ಜೊತೆ ತಾಳೆ ನೋಡಿ. ತಾಳೆ ಬೀಳದ ತಿಂಗಳು ಮಾತ್ರ ದಿನ ದಿನ ಬಿಡಿಸಿ ನೋಡಿದರೆ ಸಾಕು.

[ಪರದೆ: ಖರೀದಿ ರಿಜಿಸ್ಟರ್ ಮತ್ತು ಜಿಎಸ್‌ಟಿಆರ್-2ಬಿ, ಅಂದ್ರೆ ಮಾರಿದವರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಕೊಡೋ ಪಟ್ಟಿ]

ಆಡಿಟರ್ ಆಫೀಸಲ್ಲಿ ಇವೆರಡನ್ನ ತಾಳೆ ಹಾಕೋ ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡೋ ಸಣ್ಣ ಪ್ರೋಗ್ರಾಮ್) ಎಐ ಬರೆಯುತ್ತೆ, ಇದಕ್ಕೆ ಬಿಸಿ ಜೋರಾಗೇ ಇದೆ. ಬಿಲ್ ನಂಬರ್ 001 ಅನ್ನೋದು ಎಕ್ಸೆಲ್‌ನಲ್ಲಿ 1 ಆಗಿ ತಾಳೆ ತಪ್ಪೋದು ಮಾಮೂಲಿ. ಬ್ಯಾಂಕ್ ಖಾತೆ ನಂಬರ್ 15 ಅಂಕಿ ದಾಟಿದರೆ ಮುಂದಿನ ಅಂಕಿಗಳನ್ನ ಎಕ್ಸೆಲ್ ಸೊನ್ನೆ ಮಾಡುತ್ತೆ. ಮೊದಲೇ ಆ ಕಾಲಂನ ಟೆಕ್ಸ್ಟ್ ಮಾಡಿ.

ಈಗ ಬರೀ ಪ್ರೋಗ್ರಾಮಿಂಗ್‌ನಿಂದಲೇ ಹೊಟ್ಟೆ ಹೊರೆಯೋರು. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ ಇವರನ್ನ ಎರಡು ಗುಂಪಾಗಿ ಎಣಿಸುತ್ತೆ. ಬೇರೆಯವರು ಕೊಟ್ಟ ವಿನ್ಯಾಸದ ಪ್ರಕಾರ ಕೋಡ್ ಬರೆಯೋ ‘ಕಂಪ್ಯೂಟರ್ ಪ್ರೋಗ್ರಾಮರ್’ಗಳು 2023ರಿಂದ 2033ಕ್ಕೆ ಶೇ. 10ರಷ್ಟು ಕಡಿಮೆಯಾಗ್ತಾರೆ, ಏನು ಕಟ್ಟಬೇಕು ಅಂತ ತೀರ್ಮಾನಿಸೋ ಡೆವಲಪರ್‌ಗಳು ಮತ್ತು ಟೆಸ್ಟರ್‌ಗಳು ಶೇ. 17ರಷ್ಟು ಹೆಚ್ಚುತ್ತಾರೆ ಅಂತ ಅದು 2024ರಲ್ಲಿ ಅಂದಾಜು ಮಾಡಿತ್ತು. ಅದು ಅಲ್ಲಿನ ಲೆಕ್ಕ, ಇಲ್ಲಿಗೆ ಹಾಗೇ ಇಳಿಸಬೇಡಿ. ಆದರೆ ಸೀಳು ಎಲ್ಲಿದೆ ಅನ್ನೋದು ಇಲ್ಲಿಗೂ ಅನ್ವಯ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ರಿಪೋರ್ಟ್ ಬೈಂಡ್ ಮಾಡಿಸೋರು ಕಲಿಯದೇ ಬಿಡೋದು ಆ ಎರಡನೇ ಗುಂಪಿನ ಕೆಲಸವನ್ನೇ.

[ಪರದೆ: ನಾಲ್ಕು ಕಾಲಂನ ಖಾಲಿ ಹಾಳೆ]

ನಿಮ್ಮ ಕೆಲಸಕ್ಕೆ ಈ ಲೆಕ್ಕ ಹಾಕೋಕೆ ಒಂದು ವಾರ ಸಾಕು. ಮೊದಲ ಕಾಲಂನಲ್ಲಿ ಕೆಲಸ, ಎರಡರಲ್ಲಿ ಹಿಡಿದ ನಿಮಿಷ. ಮೂರರಲ್ಲಿ ಎಐ ಜೊತೆ ಮಾಡಿದಾಗಿನ ನಿಮಿಷ, ಪರಿಶೀಲನೆ ಸಮಯನೂ ಸೇರಿಸಿ. ಅದನ್ನ ಬಿಟ್ಟರೆ ಲೆಕ್ಕ ಸುಳ್ಳಾಗುತ್ತೆ. ನಾಲ್ಕರಲ್ಲಿ, ತಪ್ಪಾದರೆ ಅದು ಎಲ್ಲಿ ಗೊತ್ತಾಗುತ್ತೆ ಅಂತ: ಪರದೆಯಲ್ಲಾ, ಮಷಿನ್‌ನಲ್ಲಾ, ಹಾಲು ಹಾಕೋರ ಬಟವಾಡೆ ದಿನವಾ?

ಹಾಲಿನ ಹಾಳೆಗೆ ನಾಲ್ಕನೇ ಕಾಲಂ ತುಂಬೋ ಕ್ರಮ ಹೀಗೆ. ಸಂಘದ ಹಳೇ ರಿಜಿಸ್ಟರ್‌ನಿಂದ ಈಗಾಗಲೇ ದುಡ್ಡು ಕೊಟ್ಟಾಗಿರೋ ಹತ್ತು ಸ್ಯಾಂಪಲ್ ತಗೊಳ್ಳಿ, ಅದರಲ್ಲಿ ಎರಡು ರೇಟ್ ಗೆರೆಯ ಅಂಚಿನವಿರಲಿ. ಹೊಸ ಸೂತ್ರಕ್ಕೆ ಹಾಕಿ. ಹತ್ತೂ ಎರಡು ದಶಮಾಂಶದವರೆಗೆ ಕೂಡಿ ಬರಬೇಕು. ಒಂದು ತಪ್ಪಿದರೂ ಒಕ್ಕೂಟದವರಿಂದ ಸೂತ್ರವನ್ನ ಬರಹದಲ್ಲಿ ತರಿಸಿಕೊಂಡು ಅದನ್ನೇ ಎಐಗೆ ಕೊಡಿ. ಸದಸ್ಯರ ಹೆಸರು ಹಳೇ ‘ನುಡಿ’ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಎಐಗೆ ಕಾಣೋದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬದಲಾಯಿಸಿದ ಮೇಲೆ ಧರ್ಮಪ್ಪ, ಕೀರ್ತನಾ ತರದ ಅರ್ಕಾವತ್ತಿನ ಹೆಸರುಗಳನ್ನ ಒಂದೊಂದಾಗಿ ಓದಿ; ಕೆಡೋದು ಮೊದಲು ಅವೇ.