ರಕ್ತ ಹುಟ್ಟುವ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮೈಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟುತ್ತವೆ. ಒಂದು ಕಣದ ಆಯಸ್ಸು ಸುಮಾರು 120 ದಿನ, ಅಷ್ಟೆ. ಹಳೆಯವು ಹೋದ ಹಾಗೆ ಹೊಸವು ಬರಲೇಬೇಕು. ಅವು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ದೊಡ್ಡವರಲ್ಲಿ ಹೆಚ್ಚಾಗಿ ಸೊಂಟ, ಬೆನ್ನು ಮತ್ತು ಎದೆಯ ಮೂಳೆಗಳಲ್ಲಿ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಮೂಲ ಒಂದೇ, ರಕ್ತದ ಕಾಂಡಕೋಶ.

ಈ ಕಾಂಡಕೋಶ ಯಾವಾಗ ಸುಮ್ನೆ ಇರಬೇಕು, ಯಾವಾಗ ಒಡೆದು ಎರಡಾಗಬೇಕು? ಅದು ಕೋಶಕ್ಕೇ ಗೊತ್ತಿರುತ್ತದೆ ಅನ್ನಿಸುತ್ತದೆ, ಅಲ್ವಾ? ಇಲಿಗಳು ಬೇರೆಯೇ ಉತ್ತರ ಕೊಟ್ಟವು.

ಪ್ರಯೋಗಾಲಯಗಳಲ್ಲಿ ಎರಡು ತಳಿಯ ಇಲಿಗಳಿದ್ದವು. ಎರಡಕ್ಕೂ ಹುಟ್ಟಿನಿಂದಲೇ ರಕ್ತಹೀನತೆ. ಮೊದಲ ತಳಿಗೆ ಆರೋಗ್ಯವಂತ ಇಲಿಯ ಮಜ್ಜೆ ಹಾಕಿದರೆ ಕಾಯಿಲೆ ವಾಸಿಯಾಯಿತು. ಎರಡನೆಯದಕ್ಕೆ ಅದೇ ಮಜ್ಜೆ ಹಾಕಿದರೂ ವಾಸಿಯಾಗಲಿಲ್ಲ. ಆದರೆ ಆ ಎರಡನೆಯ ತಳಿಯ ಮಜ್ಜೆಯನ್ನೇ ತೆಗೆದು ಮೊದಲನೆಯದಕ್ಕೆ ಹಾಕಿದಾಗ ಅದು ಚೇತರಿಸಿಕೊಂಡಿತು! ಮೊದಲನೆಯದರಲ್ಲಿ ಬೀಜ, ಅಂದರೆ ಕಾಂಡಕೋಶ, ಕೆಟ್ಟಿತ್ತು. ಎರಡನೆಯದರಲ್ಲಿ ಬೀಜ ಚೆನ್ನಾಗೇ ಇತ್ತು, ಹೊಲ, ಅಂದರೆ ಅದರ ಸುತ್ತಲಿನ ಜಾಗ, ಕೆಟ್ಟಿತ್ತು. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ.

ಕಾರಣ ಪೂರ್ತಿ ತಿಳಿದದ್ದು 1990ರ ಹೊತ್ತಿಗೆ. ಮಜ್ಜೆಯಲ್ಲಿ ಕಾಂಡಕೋಶದ ಸುತ್ತ ಇರುವ ಕೋಶಗಳು ಒಂದು ಪ್ರೋಟೀನ್ ತಯಾರಿಸುತ್ತವೆ. ಅದಿಲ್ಲದೆ ಕಾಂಡಕೋಶ ಉಳಿಯುವುದಿಲ್ಲ. ಎರಡನೆಯ ತಳಿಯಲ್ಲಿ ಆ ಪ್ರೋಟೀನ್‌ ತಯಾರಿಯೇ ಕೆಟ್ಟಿತ್ತು. ಮೊದಲನೆಯದರ ಕಾಂಡಕೋಶಗಳಿಗೆ ಅದನ್ನು ಹಿಡಿದುಕೊಳ್ಳುವ ಶಕ್ತಿ ಸಾಲುತ್ತಿರಲಿಲ್ಲ.

ಇಂಗ್ಲೆಂಡಿನ ವಿಜ್ಞಾನಿ ರೇ ಸ್ಕೋಫೀಲ್ಡ್ 1978ರಲ್ಲೇ ಒಂದು ಮಾತು ಹೇಳಿದ್ದರು. ತನಗೆ ತಕ್ಕ ಜಾಗದಲ್ಲಿ ಇರುವವರೆಗೆ ಮಾತ್ರ ಕಾಂಡಕೋಶ ಕಾಂಡಕೋಶವಾಗಿ ಉಳಿಯುತ್ತದೆ ಅಂತ. ಆ ಜಾಗ ಎಲ್ಲಿದೆ ಎನ್ನುವ ಹುಡುಕಾಟ ಇನ್ನೂ ನಡೆದಿದೆ. 2003ರಲ್ಲಿ ಮೂಳೆ ಕಟ್ಟುವ ಕೋಶಗಳ ಹೆಸರು ಮುಂದೆ ಬಂತು. ಈಗ ಮಜ್ಜೆಯ ಸಣ್ಣ ರಕ್ತನಾಳಗಳ ಸುತ್ತಲಿನ ಕೋಶಗಳ ಮೇಲೆ ಗಮನ ಜಾಸ್ತಿ.

ಕಾಂಡಕೋಶದ ಹಂತ ದಾಟಿ ಮುಂದೆ ಹೋದರೂ ಸುತ್ತಲಿನವರ ಆಸರೆ ಬೇಕೇ ಬೇಕು. ಬಲಿಯುತ್ತಿರುವ ಕೆಂಪು ಕಣಗಳು ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶವೊಂದನ್ನು ಸುತ್ತುವರಿದು ಕೂತಿರುತ್ತವೆ. ಕಣಗಳು ಹೊರಹಾಕಿದ ನ್ಯೂಕ್ಲಿಯಸ್ಸನ್ನು ಅದು ನುಂಗಿ ಜೀರ್ಣಿಸಿಕೊಳ್ಳುತ್ತದೆ. ಮೈಗೆ ಆಮ್ಲಜನಕ ಕಡಿಮೆ ಬಿದ್ದರೆ ಕೆಂಪು ಕಣ ಹೆಚ್ಚಿಸು ಅನ್ನುವ ಹಾರ್ಮೋನು ಮೂತ್ರಪಿಂಡದಿಂದ ಬರುತ್ತದೆ. ಕಿಡ್ನಿ ಕೆಟ್ಟವರಿಗೆ ರಕ್ತ ಕಡಿಮೆಯಾಗಲು ಇದೂ ಒಂದು ಕಾರಣ.

ಈಗ ನಿಮಗೆ ಉಪಯೋಗವಾಗುವ ವಿಷಯಕ್ಕೆ, ಅಂದರೆ ರೋಗಿಗಾಗಿ ಕಾಂಡಕೋಶ ದಾನ ಮಾಡುವ ವಿಷಯಕ್ಕೆ ಬರುತ್ತೇನೆ. ಮಜ್ಜೆಯ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಇನ್ನೊಂದು ಪ್ರೋಟೀನನ್ನೂ ಬಿಡುತ್ತವೆ. ಕಾಂಡಕೋಶ ಮಜ್ಜೆ ಬಿಟ್ಟು ಹೋಗದಂತೆ ತಡೆಯುವುದು ಮುಖ್ಯವಾಗಿ ಇದೇ. ದಾನಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಔಷಧದ ಇಂಜೆಕ್ಷನ್ ಕೊಟ್ಟರೆ ಈ ಹಿಡಿತ ಸಡಿಲವಾಗಿ ಕಾಂಡಕೋಶಗಳು ರಕ್ತಕ್ಕೆ ಬರುತ್ತವೆ. ಆಮೇಲೆ ದಾನಿಯ ತೋಳಿನ ರಕ್ತನಾಳದಿಂದ ಯಂತ್ರದ ಮೂಲಕ ಅವನ್ನು ತೆಗೆದುಕೊಳ್ಳಬಹುದು. ಮಜ್ಜೆ ಕೊಟ್ಟರೆ ಬೆನ್ನುಹುರಿಗೆ ಪೆಟ್ಟಾಗುತ್ತದೆ ಅಂತ ಹೆದರುವವರಿದ್ದಾರೆ. ದಯವಿಟ್ಟು ಹೆದರಬೇಡಿ. ಮಜ್ಜೆಯನ್ನೇ ತೆಗೆಯಬೇಕಾದರೂ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ.

ರೋಗಿಗೆ ಕೊಡುವಾಗ ಮೂಳೆ ಕೊರೆಯುವ ಅಗತ್ಯವಿಲ್ಲ. ರಕ್ತ ಕೊಡುವ ಹಾಗೆ ರಕ್ತನಾಳಕ್ಕೇ ಕೊಡುತ್ತಾರೆ. ಅದೇ ಸಿಎಕ್ಸ್‌ಸಿಎಲ್12 ಪ್ರೋಟೀನಿನ ಸೆಳೆತಕ್ಕೆ ಕಾಂಡಕೋಶಗಳು ತಾವಾಗಿಯೇ ಮಜ್ಜೆಗೆ ಹೋಗಿ ಸೇರುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ರೋಗಿಯ ರಕ್ತದಲ್ಲಿ ಹೊಸ ಬಿಳಿ ಕಣಗಳು ಕಾಣಿಸತೊಡಗುತ್ತವೆ.